ಪ್ಲಗ್ ಕಿತ್ತ ಮೇಲೆ

ಸತ್ತವರ ಕೋಣೆಯಲ್ಲಿ ಸದ್ದಾಯಿತು ಎಂದು ಯಾರಾದರೂ ಸುದ್ದಿ ತಂದರೆ ನಾನು ಅದನ್ನು ಪತ್ರಿಕೆಗೆ ಬಿಟ್ಟವನಲ್ಲ. ಈಗಲೂ ಬಿಡುವುದಿಲ್ಲ. ಮಧುರೆ ಹೋಬಳಿಯ ನನ್ನ ಅಕ್ಕನ ಮನೆಯಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ಮಾತ್ರ ಕಂಡಂತೆ ಬರೆಯುತ್ತೇನೆ.

ಅಂದು ಅಕ್ಕನ ಮಗಳ ನಿಶ್ಚಿತಾರ್ಥ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟಿರಲಿಲ್ಲ. ಒಳಕೋಣೆಯಲ್ಲಿ ಅಕ್ಕನ ಅತ್ತೆ ಮಲಗಿದ್ದರು. ಆಕ್ಸಿಜನ್ ಮಿಷನ್ ನಿಂತರೆ ಅವರ ಉಸಿರೂ ನಿಲ್ಲುವ ಸ್ಥಿತಿ. ಶಾಮಿಯಾನದವನ ಜನರೇಟರಿನಿಂದಲೇ ಅದಕ್ಕೂ ಒಂದು ವೈರು ಎಳೆದಿದ್ದರು. ಅಡುಗೆಯವರ ಗ್ರೈಂಡರ್ ತಿರುಗಿದಾಗೆಲ್ಲ ಸೀರಿಯಲ್ ಲೈಟು ಮಂಕಾಗುತ್ತಿತ್ತು.

“ರೇಸ್ ಕೊಡಲಾ! ಬೀಗರ ಮುಂದೆ ಮಾನ ಕಳೀತೀಯಾ?” ಎಂದು ಭಾವ ಕೂಗಿದರು.

ಶಾಮಿಯಾನದವನು ಇಂಜಿನ್ನಿನ ವೇಗ ಏರಿಸಿ, ಆಕ್ಸಿಲರೇಟರನ್ನು ದಾರದಿಂದ ಕಟ್ಟಿಬಿಟ್ಟ. ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ; ಬಲ್ಬುಗಳು ತಡೆದುಕೊಳ್ಳುತ್ತವೆ. ಗ್ರೈಂಡರ್ ನಿಂತ ಕೂಡಲೇ ಲೋಡ್ ಇಳಿದು ವೋಲ್ಟೇಜ್ ಹಾರಿತು. ಲೈಟುಗಳು ಝಗ್ಗೆಂದವು. ಒಳಕೋಣೆಯಲ್ಲಿ ಆಕ್ಸಿಜನ್ ಮಿಷನ್ನಿನಿಂದ ಹೊಗೆ ಬಂತು.

ನಾನು ಪ್ಲಗ್ ಕಿತ್ತು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವ ಮೊದಲೇ ಅತ್ತೆಯ ಎದೆಯ ಏರಿಳಿತ ನಿಂತಿತು. ಮೂಗಿನ ಬಳಿ ಕೈಯಿಟ್ಟು ನೋಡಿದೆ. ಉಸಿರಿರಲಿಲ್ಲ.

ಒಳಗೆ ಓಡಿಬಂದ ಭಾವ ತಾಯಿಯ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. “ಈಗ ಹೇಳಿದ್ರೆ ಸೂತಕ. ಹುಡುಗನ ಕಡೆಯೋರು ಎದ್ದು ಹೋಗ್ತಾರೆ. ತಾಂಬೂಲ ಬದಲಾಗೋವರ್ಗೂ ಯಾರೂ ಬಾಯಿ ಬಿಡ್ಬೇಡಿ. ಏನಪ್ಪಾ ಪೇಪರ್‌ನೋನೇ, ನಿಂಗೇ ಹೇಳ್ತಿರೋದು.” ಆಂಬುಲೆನ್ಸನ್ನು ಬೀದಿ ತುದಿಯಲ್ಲೇ ನಿಲ್ಲಿಸಲು ಆಳನ್ನು ಓಡಿಸಿದರು. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. “ಮುಖ ತೊಳ್ಕೊಂಡ್ ಬಾ, ಆರತಿ ಎತ್ಬೇಕು” ಎಂದು ಭಾವ ಅವಳಿಗೆ ಹೇಳಿದರು.

ಅಷ್ಟರಲ್ಲಿ ಹುಡುಗನ ತಾಯಿ ಬಾಗಿಲಿಗೇ ಬಂದರು. “ಅಜ್ಜಿನ ಒಂದ್ಸಲ ಮಾತಾಡಿಸ್ಬಿಡ್ತೀನಿ ಅಣ್ಣಾ.”

“ಈಗ್ತಾನೆ ನಿದ್ದೆ ಹತ್ತಿದೆ ಕಣಮ್ಮ. ಮಿಷನ್ ಓಡ್ತಿಲ್ವಾ, ಕೇಳಿಸ್ಕೊಳ್ಳಿ.”

ಓಡುತ್ತಿತ್ತು. ಬುಸ್, ಟಪ್. ಬುಸ್, ಟಪ್. ಪ್ಲಗ್ ನನ್ನ ಮುಷ್ಟಿಯಲ್ಲೇ ಇತ್ತು. ಭಾವನ ನಗು ತುಟಿಯ ಮೇಲೆ ಹಾಗೇ ಉಳಿಯಿತು. ಆಕೆ ಸಮಾಧಾನದಿಂದ ಹಿಂತಿರುಗಿದರು. ಹೊರಗೆ ತಾಂಬೂಲ ಬದಲಾದ ಮೇಲೆ ಸದ್ದು ನಿಂತಿತು.

ಮಿಷನ್ ಬಿಚ್ಚಿದ ರಿಪೇರಿಯವನು, ಬೋರ್ಡು ಇದ್ದಿಲಾಗಿದೆ, ಒಳಗೆ ಬ್ಯಾಟರಿಯೂ ಇಲ್ಲ, ಓಡಿರಲು ಸಾಧ್ಯವೇ ಇಲ್ಲ ಎಂದ.

ಅಕ್ಕನ ಮಗಳು ಈಗ ಗಂಡನ ಮನೆಯಲ್ಲಿದ್ದಾಳೆ. ತನ್ನ ತಾಂಬೂಲ ಮುಗಿಯುವವರೆಗೂ ಅಜ್ಜಿ ಉಸಿರು ಹಿಡಿದಿದ್ದರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ನನಗೆ ಗೊತ್ತಿಲ್ಲ. ಅವಳು ಹೇಳುವುದು ನಿಜವಾಗಿದ್ದರೆ, ಅಜ್ಜಿಗೆ ಜೀವವಿದ್ದ ಅಷ್ಟು ಹೊತ್ತೂ ಆಂಬುಲೆನ್ಸ್ ಬೀದಿ ತುದಿಯಲ್ಲೇ ನಿಂತಿತ್ತು.