ವಿಮರ್ಶಕರು ಎದ್ದುಹೋದ ಮೇಲೆ

ಇದು ಆಗುವ ಮಾತಲ್ಲ ಎಂದವರು ಕನ್ನಡ ಸಂಘದ ಕಾರ್ಯದರ್ಶಿಗಳು. ಟಿ. ನಗರದ ಸಂಘದ ಕೋಣೆಯಲ್ಲಿ ಕೂತು ನನ್ನ ನಾಟಕದ ಹಸ್ತಪ್ರತಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು. ವೃತ್ತಿಯಲ್ಲಿ ಬ್ಯಾಂಕಿನ ಅಧಿಕಾರಿ, ಸಹಿ ತಾಳೆಯಾಗದ ಚೆಕ್ಕನ್ನು ನೋಡುವ ಹಾಗೆ ನೋಡಿದರು.

"ಬಿ.ಎ. ಮಾಡಿದೀರ, ಬಹಳ ಸಂತೋಷ. ಆದ್ರೆ ಸಂಗೀತ ಅನ್ನೋದು ಮನೆತನದಲ್ಲಿ ಬರ್ಬೇಕು ನೋಡಿ."

ನಮ್ಮ ಮನೆತನದಲ್ಲಿ ಬಂದದ್ದು ಬೆನ್ನುನೋವು. ರಾಯಪುರಂನಲ್ಲಿ ಮನೆ, ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ವಂಶಕ್ಕೆಲ್ಲ ಮೊದಲ ಬಿ.ಎ. ನಾನು, ಅದೂ ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು ಮತ್ತೆ ಕಟ್ಟಿ ಪಾಸಾದವಳು. ಆದ್ದರಿಂದಲೇ ರೇಷನ್ ಕಾರ್ಡಿನ ಅರ್ಜಿಯಲ್ಲೂ ಹೆಸರಿನ ಪಕ್ಕ ಬಿ.ಎ. ಎಂದು ಬರೆಯುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದರಾಸಿನ ಗಾಯಕರನ್ನೆಲ್ಲ ತಮ್ಮ ಪೆನ್ನಿನಿಂದ ಬೆವರಿಳಿಸಿದ್ದ ಹಿರಿಯ ಸಂಗೀತ ವಿಮರ್ಶಕರೊಬ್ಬರು ನಮ್ಮ ಸಂಘದ ಸದಸ್ಯರು. ಅವರಿಗೆ ಎಪ್ಪತ್ತು ತುಂಬಿದ ಸಂತೋಷಕ್ಕೆ, ಅವರ ಬದುಕನ್ನೇ ರಂಗಕ್ಕೆ ತರುವುದೆಂದು ತೀರ್ಮಾನವಾಗಿತ್ತು. ಬರೆಯಲು ಒಪ್ಪಿದ್ದ ಇಬ್ಬರು ವಿದ್ವಾಂಸರು ನಾಟಕದ ಹೆಸರಿನ ಮೇಲೆಯೇ ಜಗಳವಾಡಿ ಮಾತು ಬಿಟ್ಟರು. ಉಳಿದದ್ದು ನನ್ನ ಹಸ್ತಪ್ರತಿ ಒಂದೇ. ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆಮಂತ್ರಣದಲ್ಲಿ ಮಾತ್ರ 'ರಚನೆ: ಸಂಘ' ಎಂದು ಅಚ್ಚಾಯಿತು. ನನ್ನ ಹೆಸರು ಎಲ್ಲಿ ಎಂದು ಕೇಳಿದ್ದಕ್ಕೆ, ನಾವೆಲ್ಲ ಸಂಘವೇ ಅಲ್ಲವೇ ಎಂದರು. ಅವರ ಹೆಸರು ಮಾತ್ರ ಮೂರು ಕಡೆ ಇತ್ತು.

ವಿಮರ್ಶಕರ ವಿಷಯ ನನಗೆ ಗೊತ್ತಿದ್ದದ್ದು ಮನೆತನದಿಂದಲ್ಲ. ಅವರ ಕಣ್ಣು ಮಂಜಾದ ಮೇಲೆ, ನಾಲ್ಕು ವರ್ಷ ಅವರು ಹೇಳಿದ್ದನ್ನು ಬರೆದುಕೊಂಡವಳು ನಾನು. ಅವರಿಗೊಂದು ಪದ್ಧತಿಯಿತ್ತು. ಕಛೇರಿಯಲ್ಲಿ ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಶುರುವಾದರೆ ಎದ್ದು ಸಂಗೀತ ಸಭೆಯ ಕ್ಯಾಂಟೀನಿಗೆ ನಡೆಯುವರು. ಆಮೇಲೆ ವಾಪಸು ಬರುವ ಪದ್ಧತಿ ಇರಲಿಲ್ಲ. ನಾನು ಕೊನೆಯವರೆಗೆ ಕೂತು ಏನೇನು ಹಾಡಿದರೆಂದು ಬರೆದುಕೊಳ್ಳಬೇಕು. ರಾಗ ತಿಳಿಯದಿದ್ದರೆ ಪಕ್ಕದ ಮಾಮಿಯನ್ನು ಕೇಳುತ್ತಿದ್ದೆ. ಮಾಮಿ ತಪ್ಪು ಹೇಳಿದ ವಾರ ಪತ್ರಿಕೆಯೂ ತಪ್ಪು ಹೇಳುತ್ತಿತ್ತು. ಮುಗಿದ ಮೇಲೆ ಕ್ಯಾಂಟೀನಿನ ಬಾಗಿಲಲ್ಲಿ, ಬಾಯಿ ಒರೆಸಿಕೊಳ್ಳುತ್ತ ಪ್ರತಿ ಸಲವೂ ಅದೇ ಪ್ರಶ್ನೆ: "ನಾನು ಎದ್ಮೇಲೆ ಏನಾಯ್ತಮ್ಮ?" ಮರುದಿನ ಬರೆಸುವರು: ಸಭಿಕರು ಕೊನೆಯ ಕ್ಷಣದವರೆಗೂ ಮೈಮರೆತಿದ್ದರು.

ನಾಟಕದ ಕೊನೆಯ ದೃಶ್ಯ ಇದೇ. ಕಾರ್ಯದರ್ಶಿಗಳು ತೆಗೆಯಿರಿ ಎಂದರು. ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಕ್ಯಾಂಟೀನ್ ತೋರಿಸುವುದೇ? ವಿಮರ್ಶಕರ ಪಾತ್ರ ಮಾಡುತ್ತಿದ್ದ ರೈಲ್ವೆ ಗುಮಾಸ್ತರು ಒಪ್ಪಲಿಲ್ಲ. ಅವರ ಪಾತ್ರಕ್ಕೆ ಜನರ ನಗು ಸಿಗುವುದು ಅದೊಂದು ದೃಶ್ಯದಲ್ಲೇ.

ಭಾನುವಾರ ಸಂಜೆ ಹಾಲ್ ತುಂಬಿತ್ತು. ವಿಮರ್ಶಕರು ಮೊದಲ ಸಾಲಿನಲ್ಲಿ, ಅಪ್ಪ ಕೊನೆಯ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು. ನಾನು ಪರದೆಯ ಪಕ್ಕ ನಿಂತು ಒಂದನ್ನೇ ಕಾಯುತ್ತಿದ್ದೆ: ಯಾರಾದರೂ, ಇದು ಯಾರು ಬರೆದದ್ದು ಎಂದು ಕೇಳಿಯಾರೇ?

ಕೊನೆಯ ದೃಶ್ಯ ಬಂತು. ವೇದಿಕೆಯ ಮೇಲೆ ಮೃದಂಗ ಶುರುವಾಯಿತು. ಶುರುವಾದದ್ದೇ ತಡ, ಮೊದಲ ಸಾಲಿನ ನಿಜವಾದ ವಿಮರ್ಶಕರು ಎದ್ದರು, ಶಾಲು ಸರಿಪಡಿಸಿಕೊಂಡು ಹೊರಗೆ ನಡೆದರು. ಎಪ್ಪತ್ತು ವರ್ಷದ ಕಾಲು, ಅದಕ್ಕೆ ನಾಟಕ ಯಾವುದು ಕಛೇರಿ ಯಾವುದು? ಅವರಿಲ್ಲದಾಗ ಅವರ ಪಾತ್ರ ಕ್ಯಾಂಟೀನಿನ ಬಾಗಿಲಲ್ಲಿ ಆ ಪ್ರಶ್ನೆ ಕೇಳಿತು, ಜನ ನಕ್ಕರು, ಪರದೆ ಬಿತ್ತು.

ಆದರೆ ಅಂದು ಅವರು ಮುಖ್ಯ ಅತಿಥಿ. ಸಂಘದವರು ಹೋಗಿ ಕರೆತಂದು ವೇದಿಕೆಯ ಮೇಲೆ ಮೈಕಿನ ಮುಂದೆ ನಿಲ್ಲಿಸಿದರು. ಮೈಕು ಆನ್ ಆಗಿದೆಯೆಂದು ಅವರಿಗೆ ಹೇಳುವವರಿರಲಿಲ್ಲ. ಅಭ್ಯಾಸಬಲದಿಂದ, ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ಬಗ್ಗಿ ಕೇಳಿದರು:

"ನಾನು ಎದ್ಮೇಲೆ ಏನಾಯ್ತಮ್ಮ?"

ಹಾಲ್ ಬಿದ್ದು ಬಿದ್ದು ನಕ್ಕಿತು. ಅವರಿಗೆ ಅರ್ಥವಾಗಲಿಲ್ಲ. ನಾಟಕ ಮುಗಿದದ್ದೂ ಇದೇ ಮಾತಿನಿಂದ ಎಂದು ನಾನು ಕಿವಿಯಲ್ಲಿ ಹೇಳಿದೆ. ಅವರ ಮುಖ ಕೆಂಪಾಯಿತು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಕಾರ್ಯದರ್ಶಿಗಳ ಕಡೆ ತಿರುಗಿದರು.

"ಇದನ್ನ ಬರೆದೋರು ಯಾರ್ರೀ?"

"ಸಂಘ, ಸಾರ್."

"ಸಂಘ ನನ್ನ ಜತೆ ಯಾವತ್ತು ಕ್ಯಾಂಟೀನಿಗೆ ಬಂದಿತ್ತು? ಈ ಮಾತು ಗೊತ್ತಿರೋಳು ಇವಳೊಬ್ಬಳೇ."

ಸರ್ಟಿಫಿಕೇಟುಗಳು ಮೇಜಿನ ಮೇಲಿದ್ದವು. ನಟರಿಗೆ, ಮೈಕಿನವರಿಗೆ, ಕಾಫಿ ಕಾಸಿದವರಿಗೆ. ಖಾಲಿಯದು ಒಂದಿತ್ತು. ಕಾರ್ಯದರ್ಶಿಗಳು ಸ್ವಂತ ಪೆನ್ನಿನಿಂದ ನನ್ನ ಹೆಸರು ಬರೆದರು. ಬಿ.ಎ. ಬಿಟ್ಟಿದ್ದರು. ನಾನು ಅಲ್ಲೇ ನಿಂತು ಅದನ್ನೂ ಸೇರಿಸಿಕೊಂಡೆ. ವಿಮರ್ಶಕರು ನನ್ನ ಕೈಗಿತ್ತರು.

ಓದಲು ಬಾರದ ಅಪ್ಪ ಅದನ್ನು ದೀಪದ ಕಡೆ ತಿರುಗಿಸಿ, ಹೆಸರು ಎಲ್ಲಿದೆಯೆಂದು ನನ್ನಿಂದ ಬೆರಳಿಟ್ಟು ತೋರಿಸಿಕೊಂಡರು. ನಾನು ಚೀಲಕ್ಕೆ ಹಾಕಲು ಮಡಚುತ್ತಿದ್ದಾಗ ಕೈ ಹಿಡಿದರು.

"ಮಡಚಬೇಡ ಕಣಮ್ಮ, ಇಂಕು ಇನ್ನೂ ಹಸಿಯಾಗೇ ಅದೆ. ಆವಯ್ಯ ಇನ್ನೊಂದ್ಸಲ ಬರ್ಕೊಡೋ ಆಸಾಮಿ ಅಲ್ಲ."