ಸರ್ಟಿಫಿಕೇಟಿಗೆ ಕಳಿಸಿದ ಕೈಪಿಡಿ

ಮೊನ್ನೆ ಗುಬ್ಬಿಯಲ್ಲಿರುವ ತಂಗಿಯ ಮನೆಗೆ ನಮ್ಮ ಕಾರ್ಖಾನೆಯ ಹಿಟ್ಟು ಬೀಸುವ ಮೆಷಿನ್ ಬಂತು. ಪೆಟ್ಟಿಗೆ ಬಿಚ್ಚಿದೊಡನೆ ಹೊಸ ಕೈಪಿಡಿಯ ಮಸಿವಾಸನೆ ಮೂಗಿಗೆ ಬಡಿಯಿತು. ನೀವು ಇಂಥದ್ದನ್ನು ಓದುವವರಲ್ಲ, ಗೊತ್ತು. ಮೆಷಿನ್ ಕೆಟ್ಟ ಮೇಲೆ ಹುಡುಕುತ್ತೀರಿ, ಅಷ್ಟರಲ್ಲಿ ಅದು ರದ್ದಿಗೆ ಹೋಗಿರುತ್ತದೆ. ಇಂಥ ಕೈಪಿಡಿಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ನೆಂಟರು ಮಾತ್ರ ನನ್ನನ್ನು ಮೆಕ್ಯಾನಿಕ್ ಅಂದುಕೊಂಡು ಕೆಟ್ಟ ಮಿಕ್ಸಿಗಳನ್ನು ತಂದು ಮುಂದಿಡುತ್ತಾರೆ.

ತಂಗಿ ಕೈಪಿಡಿ ನೋಡಿಕೊಂಡು ಒಂದೇ ಸಲಕ್ಕೆ ಮೆಷಿನ್ ಓಡಿಸಿದಳು. "ನೀನ್ ಬರ್ದಿದ್ದಾ ಅಣ್ಣ? ಚೆನ್ನಾಗಿದೆ" ಅಂದಳು.

ಬರೆದದ್ದು ನಾನಲ್ಲ, ನಸ್ರೀನಕ್ಕ. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಸತ್ಯಮಂಗಲದ ನಮ್ಮ ಕಾರ್ಖಾನೆಗೆ ಬಂದು ನನಗೆ ಕೆಲಸ ಕಲಿಸಿದವರು. ಬರೆದದ್ದನ್ನು ವಾಚ್‌ಮನ್‌ಗೆ ಓದಿ ಹೇಳುತ್ತಿದ್ದರು. ಅವನು ಮೆಷಿನ್ ಓಡಿಸಿದರೆ ಪಾಸು. ನನ್ನ ಮೊದಲ ಪುಟ ಕೇಳಿ ಆತ ಮೆಷಿನ್ ಬಿಟ್ಟು ಫ್ಯಾನ್ ಹಾಕಿದ್ದ. ನಮ್ಮ ಕಸುಬಿನಲ್ಲಿ ಕೈಪಿಡಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಬರೆದವರದ್ದು ಇರುವುದಿಲ್ಲ.

ಒಂದು ವರ್ಷ ಮಾಲೀಕರು, ಕೈಪಿಡಿ ಬರೆಯುವವರಿಗೆ ಒಂದು ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟ್ ಇದ್ದವರೇ ನಮ್ಮ ವಿಭಾಗಕ್ಕೆ ಹೆಡ್ ಅಂದುಬಿಟ್ಟರು. ಪರೀಕ್ಷೆಯ ಜೊತೆ ಸ್ವಂತ ಬರವಣಿಗೆಯ ಮಾದರಿ ಕಳಿಸಬೇಕಿತ್ತು. ನಾನು ಈ ಕೈಪಿಡಿಯನ್ನೇ ಕಳಿಸಿದೆ. ಚಿತ್ರಗಳಿಗೆ ನಂಬರ್ ಹಾಕಿದವನು ನಾನಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಪಾಸಾದೆ, ಕುರ್ಚಿ ಸಿಕ್ಕಿತು. ನಸ್ರೀನಕ್ಕ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿ ಎಲ್ಲರಿಗೂ ಹಂಚಿದರು.

ಮರುವರ್ಷ ಅವರೂ ಪರೀಕ್ಷೆಗೆ ಕೂತರು. ಸಂಸ್ಥೆಯಿಂದ ಬಂದ ಉತ್ತರವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮಾದರಿ ಇನ್ನೊಬ್ಬರು ಆಗಲೇ ಸಲ್ಲಿಸಿದ್ದರ ನಕಲು, ನಿಮಗೆ ಇನ್ನು ಪರೀಕ್ಷೆಗೆ ಅವಕಾಶವಿಲ್ಲ ಎಂದಿತ್ತು. ಅವರು ಕಳಿಸಿದ್ದೂ ಇದೇ ಕೈಪಿಡಿ. ಕದ್ದವನು ನಾನು, ಕಳ್ಳಿ ಅನ್ನಿಸಿಕೊಂಡವರು ಅವರು.

"ಯಾರ್ ಕಳ್ಸವ್ರೋ ಗೊತ್ತಿಲ್ಲ ಕಣಪ್ಪ. ಇದು ನಸ್ರೀನ್ ಬರ್ದಿದ್ದು ಅಂತ ಒಂದ್ ಲೆಟರ್ ಕೊಡು. ನೀನ್ ಹೆಡ್ಡು, ನಿನ್ ಮಾತ್ ನಂಬ್ತಾರೆ."

ಕೊಡುತ್ತೇನೆ ಅಂದೆ. ನಾಳೆ ಅಂದೆ, ಮಾಲೀಕರು ಊರಲ್ಲಿಲ್ಲ ಅಂದೆ. ಮೂರು ತಿಂಗಳು ಕೇಳಿದರು. ನಾಲ್ಕನೇ ತಿಂಗಳು ಕೆಲಸ ಬಿಟ್ಟರು. ಸರ್ಟಿಫಿಕೇಟ್ ಇಲ್ಲದವರನ್ನು ಬೇರೆ ಕಡೆಯೂ ಯಾರೂ ತೆಗೆದುಕೊಳ್ಳಲಿಲ್ಲ ಎಂದು ಆಮೇಲೆ ಕೇಳಿದೆ. ನಾನು ಎಂಥ ಮನುಷ್ಯ ಎಂದು ನನಗೇ ದಿಗಿಲಾಗುತ್ತದೆ.

ಮೊನ್ನೆ ತಂಗಿ ಹಾಗೆ ಹೊಗಳಿದ ಮೇಲೆ ಗುಬ್ಬಿಯಿಂದಲೇ ನಸ್ರೀನಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನೀನಾ? ದಿನಾ ನಿನ್ ಹತ್ರನೇ ಬಂದು ಕೇಳ್ತಿದ್ನಲ್ಲಪ್ಪ" ಅಂದರು. ಫೋನ್ ಇಟ್ಟರು.

ಈಗ ಸಂಸ್ಥೆಗೆ ಆ ಪತ್ರ ಬರೆಯುತ್ತಿದ್ದೇನೆ. ನನ್ನ ಸರ್ಟಿಫಿಕೇಟನ್ನೂ ಜೊತೆಗಿಟ್ಟಿದ್ದೇನೆ, ಕುರ್ಚಿ ಹೋದರೆ ಹೋಗಲಿ. ಪತ್ರದ ಪ್ರತಿಯನ್ನು ಅವರಿಗೂ ಕಳಿಸಬೇಕು. ವಿಳಾಸ ಕೇಳೋಣವೆಂದರೆ ಅವರು ಫೋನ್ ಎತ್ತುತ್ತಿಲ್ಲ.