ಹೊರಗೆ ಎದ್ದುಹೋದವರು

ದಿಲ್ಲಿಯಲ್ಲಿ ಕಲಾತಂಡಗಳಿಗೆ ಸಹಾಯಧನ ಕೊಡುವ ಸರ್ಕಾರಿ ಸಂಸ್ಥೆಯೊಂದಿದೆ. ಯಾರಿಗೆ ಕೊಡಬೇಕೆಂದು ಹೇಳುವ ಅದರ ಸಮಿತಿಗೆ ನಮ್ಮ ಯಜಮಾನರನ್ನು ಮೂರು ವರ್ಷಕ್ಕೆ ನೇಮಿಸಿದ್ದರು. ನೌಕರಿ ಮಾಡುತ್ತಲೇ ಊರೂರು ತಿರುಗಿ ನಮ್ಮ ಕಡೆಯ ಜನಪದ ನಾಟಕವಾದ ಸಣ್ಣಾಟದ ಹಾಡುಗಳನ್ನು ಬರೆದಿಟ್ಟುಕೊಂಡವರು ಅವರು. ಸಭೆಯಿದ್ದ ದಿನ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದೆ.

ಸಮಿತಿಯಲ್ಲಿ ಒಂದು ಪದ್ಧತಿ. ತಮ್ಮವರ ಅರ್ಜಿ ಬಂದರೆ ಸದಸ್ಯರು ಎದ್ದು ಹೊರಗೆ ಹೋಗಬೇಕು. ಮಾತು ಮುಗಿದ ಮೇಲೆ ಒಳಗೆ ಕರೆಯುತ್ತಾರೆ.

ಸನತ್‌ನಗರದ ಕಾರ್ಖಾನೆಗಳಲ್ಲಿ ದುಡಿಯಲು ಇಲ್ಲಿಗೆ ಬಂದ ನಮ್ಮ ಕಡೆಯವರದೊಂದು ಸಣ್ಣಾಟದ ಮೇಳವಿದೆ. ಅದರಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರು ಒಮ್ಮೆ, ಇವರು ಮನೆಯಲ್ಲಿಲ್ಲದಾಗ ಅದೇ ಸಹಾಯಧನದ ಫಾರಂ ಹಿಡಿದು ಬಂದರು.

"ಅಕ್ಕಾರ, ಹಿಂದಿ ಫಾರಂ ಐತ್ರಿ. ನಮಗ ಬರಿಯಾಕ ಬರಂಗಿಲ್ಲ."

ಹತ್ತನೆಯವರೆಗೆ ಇಲ್ಲೇ ಹಿಂದಿ ಓದಿದವಳು ನಾನು. ತುಂಬಿಕೊಟ್ಟೆ. ಅರ್ಜಿ ಬರೆದುಕೊಟ್ಟವರಿಗೆ ಸಮಿತಿಯಲ್ಲಿ ಸಂಬಂಧಿಕರಿದ್ದಾರೆಯೇ ಎಂಬುದು ಕೊನೆಯ ಪ್ರಶ್ನೆ. ಹೌದು, ಇಲ್ಲ ಎಂದು ಎರಡು ಚೌಕ. ಎರಡನ್ನೂ ಖಾಲಿ ಬಿಟ್ಟೆ. ಇವರಿಗೆ ಹೇಳಲಿಲ್ಲ.

ದಿಲ್ಲಿಯ ಸಭೆಯಿಂದ ಮರಳಿದ ಇವರು ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಮೇಳದ ಅರ್ಜಿಯೊಳಗಿನ ಅಕ್ಷರ ನಿನ್ನವಲ್ಲೇನು?"

"ಹೌದ್ರಿ. ಸಿಕ್ತೇನು ಅವರಿಗೆ?"

"ನಾ ಎದ್ದು ಹೊರಗ ಹೋದೆ."

ಸಮಿತಿಯಲ್ಲಿ ಸಣ್ಣಾಟ ನೋಡಿದವರು ಇವರೊಬ್ಬರೇ. ಮೇಳಕ್ಕೆ ಏನೂ ಸಿಕ್ಕಿರಲಿಲ್ಲ.

"ಹೊರಗ ಏನ್ ಮಾಡಿದ್ರಿ?"

"ಚಾ ಕುಡದೆ."

"ಬಡವರ ಅರ್ಜಿ ಮುಳುಗಿಸಿ ಚಾ ಕುಡದ್ರಿ! ಭಾಳ ಛಲೋ ಆತು."

ಅವರು ನಕ್ಕರು. "ನೂರು ಅರ್ಜಿಯೊಳಗ ಇಟ್ರೂ ನಿನ್ನ ಅಕ್ಷರ ನನಗ ಗೊತ್ತಾಗತೈತಿ. ಏನ್ ಮಾಡ್ಲಿ?"

ನಾನು ನಗಲಿಲ್ಲ. ಮುಂದಿನ ಸಭೆಗೆ ರೊಟ್ಟಿಯನ್ನೂ ಕಟ್ಟಿಕೊಡಲಿಲ್ಲ. ಅದೇ ಅವರ ಕೊನೆಯ ಸಭೆಯಾಯಿತು. ಬಂದ ವಾರದಲ್ಲೇ ಎದೆನೋವೆಂದರು, ಆಸ್ಪತ್ರೆಯಿಂದ ಮರಳಿ ಬರಲಿಲ್ಲ.

ಮೇಳದ ಅರ್ಜಿಗೆ ಎದ್ದುಹೋದ ದಿನ ಅವರು ಕಾದ ಜಾಗ ಹೇಗಿತ್ತೆಂದು ನಾನು ಕೇಳಲೇ ಇಲ್ಲ. ಕುರ್ಚಿ ಇತ್ತೋ, ಮಂಡಿನೋವಿನಲ್ಲಿ ನಿಂತೇ ಇದ್ದರೋ. ಒಳಗೆ ಕರೆಯುವವರೆಗೆ ಒಬ್ಬರೇ ಏನು ಯೋಚಿಸಿದರೋ. ಚಾ ಮಾಡುವಾಗೆಲ್ಲ ಈಗ ಅದನ್ನೇ ಕೇಳಬೇಕೆನಿಸುತ್ತದೆ.

ಕಳೆದ ವಾರ ಹಿರಿಯರು ಹೊಸ ಫಾರಂ ಹಿಡಿದು ಬಂದರು.

"ಸಾಹೇಬರ ಜಾಗಾಕ್ಕ ಇನ್ನೂ ಯಾರನ್ನೂ ಹಾಕಿಲ್ಲಂತ್ರಿ. ಬರೀರಿ ಅಕ್ಕಾರ, ಈ ಸಲ ಎದ್ದು ಹೋಗೋರು ಯಾರೂ ಇಲ್ಲ" ಎಂದವರು ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ."

"ಬಿಡ್ರಿ. ಖರೇನ ಅಂದ್ರಿ."

ಅವರಿಗೆ ಚಾ ಕೊಟ್ಟು ಬರೆಯಲು ಕುಳಿತೆ. ಮೇಳದ ಹೆಸರು, ವಿಳಾಸ, ಆಟಗಳ ಪಟ್ಟಿ, ಎಲ್ಲವೂ ಬೇಗ ಮುಗಿಯಿತು. ಸಮಿತಿಯಲ್ಲಿ ಸಂಬಂಧಿಕರಿದ್ದಾರೆಯೇ ಎಂಬ ಕೊನೆಯ ಪ್ರಶ್ನೆಗೆ ಬಂದಾಗ, 'ಇದ್ದರು' ಎಂದು ಬರೆಯಬೇಕೆನಿಸಿತು. ಅದಕ್ಕೆ ಚೌಕವಿರಲಿಲ್ಲ. ಹಿರಿಯರು ಚಾದ ಖಾಲಿ ಕಪ್ಪನ್ನು ಕೆಳಗಿಟ್ಟರು. 'ಇಲ್ಲ' ಎಂಬುದರ ಮುಂದಿನ ಚೌಕದಲ್ಲಿ ಗೀಟು ಎಳೆದು ಫಾರಂ ಅವರ ಕೈಗೆ ಕೊಟ್ಟೆ.